ರೊಟ್ಟಿಯ ಕೆಳಗಿನ ಕಾಗದ

ಜಮಖಂಡಿ
14 ನವೆಂಬರ್ 2022

ಮಾಮಾ,

ಶನಿವಾರದ ಬುತ್ತಿ ಮುಟ್ಟಿತು. ಹನ್ನೆರಡು ರೊಟ್ಟಿಯಲ್ಲಿ ನನಗೆ ದಕ್ಕಿದ್ದು ಐದು, ಉಳಿದದ್ದನ್ನು ಖೋಲಿಯ ಹುಡುಗಿಯರು ಮುಗಿಸಿದರು. ಶೇಂಗಾ ಹಿಂಡಿಯ ವಾಸನೆಗೆ ವಾರ್ಡನ್ ಮುತ್ತವ್ವ ಕೂಡ ಒಳಗೆ ಬಂದು ಒಂದು ತುತ್ತು ತಿಂದು ಹೋದರು. ಕಂಡಕ್ಟರ್ ಕಾಮಣ್ಣ ಡಬ್ಬಿ ಕೊಡುವಾಗ, ನಿಮ್ಮವ್ವನ ಬುತ್ತಿಗೆ ಒಂದು ಟಿಕೆಟ್ ಹರೀಬೇಕು ನೋಡವಾ ಅಂತ ನಗೆಯಾಡಿದ.

ಎಂಟನೆತ್ತಾ ಓದಲು ಹಾಸ್ಟೆಲ್ಲಿಗೆ ಬಂದಾಗಿನಿಂದ ರೊಟ್ಟಿಯ ಕೆಳಗೆ, ಅರಿವೆಯ ಮಡಿಕೆಯಲ್ಲಿ ನಿನ್ನ ಕಾಗದ ಇರುತ್ತಿತ್ತು. ಖಾಲಿ ಡಬ್ಬಿಯಲ್ಲಿ ನನ್ನದು ಬರುತ್ತಿತ್ತು. ಈಗ ಫೋನ್ ಇದೆ, ಆದರೆ ಅದರಲ್ಲಿ ನಾವು ಆಡುವುದೇನು? ಉಂಡ್ಯಾ, ಉಂಡೆ, ಇಡಲಾ, ಇಡು. ಅವ್ವ ಸ್ಪೀಕರ್ ಹಾಕಿಸಿಕೊಂಡು ಮೊಣಕಾಲು ಮಡಚಿ ಪಕ್ಕದಲ್ಲೇ ಕೂತಿರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿಗೆ ಬಂದಾಗ ಅವ್ವ ನನ್ನ ತಲೆ ಬಾಚುತ್ತಾ, ಛಟ್ಟಿ ಅಮಾವಾಸಿ ಆದಮ್ಯಾಲ ಲಗ್ನದ ಸಕ್ಕರಿ ಹಂಚಿಬಿಡೂನು, ನಿಮ್ಮ ಮಾಮಾ ಈಶ್ವರನೂ ಎಷ್ಟಂತ ಕಾಯಬೇಕು, ಅಂದಳು. ಎದ್ದು ಹೋಗೋಣವೆಂದರೆ ಕೂದಲು ಅವಳ ಕೈಯಲ್ಲಿತ್ತು.

ಮಾಮಾ, ನಾನು ತೊಟ್ಟಿಲಲ್ಲಿದ್ದಾಗ ಮಾಯವ್ವ ಅಜ್ಜಿ ನಿನ್ನ ಕೈಗೆ ಹಗ್ಗ ಕೊಟ್ಟು, ನಿನ್ನ ಹೆಂಡತಿನ್ನ ನೀನ ತೂಗಲೇ ಅಂದಳಂತೆ. ನಿನಗೆ ಆಗ ಹದಿನೈದು ವರ್ಷ. ಎಲ್ಲರೂ ನಕ್ಕರಂತೆ. ಆ ನಗೆ ಇಪ್ಪತ್ತೊಂದು ವರ್ಷದಲ್ಲಿ ಊರ ಮಾತಾಯಿತು. ಅಪ್ಪ ಸತ್ತಾಗ ನನಗೆ ಐದು. ನೀನು ಕಾಲೇಜು ಬಿಟ್ಟು ಕಾರ್ಖಾನೆ ಸೇರಿದೆ. ನನಗೆ ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಮುಧೋಳಕ್ಕೆ ನಡೆದೆ. ಅಪ್ಪನ ಮುಖ ನೆನಪು ಮಾಡಿಕೊಳ್ಳಲು ಹೋದರೆ ನಿನ್ನ ಮುಖವೇ ಬರುತ್ತದೆ. ಆ ಮುಖದ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಹೇಗೆ ನಿಲ್ಲಲಿ?

ನನಗೆ ಬೇರೆ ಯಾರೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂ.ಎ. ಮುಗಿಸಬೇಕು, ಕಲಿಸಬೇಕು, ಅಷ್ಟೇ. ಆದರೆ ನಾನೇ ಬೇಡ ಅಂದರೆ ಊರು ಏನಂದೀತು? ಹದಿನಾರು ವರ್ಷ ಅವನ ಅನ್ನ ತಿಂದು ಕಾಲಿನಿಂದ ಒದ್ದಳು ಅಂತ. ಖರೆ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತದೆ. ನೀನು ಬೇಕು ಅಂದರೆ ನಾನು ಎರಡನೇ ಮಾತು ಆಡುವುದಿಲ್ಲ, ಆಡಲು ನನಗೆ ಬಾಯಿ ಇಲ್ಲ.

ನಮಗೆ ಈ ಸಲ ಇನ್ನೂರು ವರ್ಷದ ಹಿಂದಿನ ಒಂದು ಇಂಗ್ಲಿಷ್ ಕಾದಂಬರಿ ಇದೆ. ಇಟ್ಟಂಗಿಯಷ್ಟು ದಪ್ಪ. ಅದರಲ್ಲಿನ ಮನೆತನದ ನಂಟು, ತೊಡಕಿನ ಪ್ರೀತಿ ಕುರಿತು ಹತ್ತು ಪುಟ ಬರೆಯಬೇಕು. ಅಲ್ಲಿ ಎಲ್ಲರೂ ಎಲ್ಲರನ್ನೂ ಪ್ರೀತಿಸುತ್ತಾರೆ, ಎಲ್ಲರೂ ಇನ್ನೊಬ್ಬರು ಮೊದಲು ಬಾಯಿ ತೆರೆಯಲಿ ಅಂತ ಕೂತಿರುತ್ತಾರೆ. ಇದರಲ್ಲಿ ತಪ್ಪು ಯಾರದು ಅಂತ ಮೇಡಂ ಕೇಳಿದರು. ಹುಡುಗಿಯರೆಲ್ಲ ನಕ್ಕರು, ಇಷ್ಟು ದೊಡ್ಡ ಮಂದಿಗೆ ಬಾಯಿಬಿಟ್ಟು ಹೇಳಲು ಏನು ಧಾಡಿ ಅಂತ. ನನಗೆ ನಗು ಬರಲಿಲ್ಲ. ಆ ಕಥೆಯ ಹುಡುಗಿ ಕೊನೆಗೆ ತನ್ನ ಟ್ರಂಕು ತೆಗೆದುಕೊಂಡು ಮನೆ ಬಿಡುತ್ತಾಳೆ. ನನಗೂ ಒಂದು ಟ್ರಂಕಿದೆ. ಅದನ್ನು ಕೊಡಿಸಿದವನೂ ನೀನೇ.

ನಿನಗೆ ಈ ಮದುವೆ ಬೇಕೋ ಬೇಡವೋ, ಎರಡು ಸಾಲು ಬರೆ. ಫೋನಿನಲ್ಲಿ ಹೇಳಬೇಡ, ಅವ್ವನ ಮುಂದೆ ನೀನು ಹೂಂ ಅನ್ನುವುದು ಬಿಟ್ಟು ಇನ್ನೇನನ್ನೂ ಅನ್ನುವುದಿಲ್ಲ. ಕಾಗದ ಬರದಿದ್ದರೆ ನಿನಗೆ ಬೇಕು ಅಂತ ತಿಳಿಯುತ್ತೇನೆ, ಮತ್ತೆ ಕೇಳುವುದಿಲ್ಲ.

ನಿನ್ನ
ವೈಶಾ


ಸಮೀರವಾಡಿ
18 ನವೆಂಬರ್ 2022

ವೈಶಾ,

ಬುಧವಾರ ಅಕ್ಕ ಖಾಲಿ ಡಬ್ಬಿ ಬಿಚ್ಚಿ ನಿನ್ನ ಕಾಗದವನ್ನು ಎಂದಿನಂತೆ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಕಾರ್ಖಾನೆಗೆ ಒಯ್ದು ಓದಿದೆ. ಹಂಗಾಮು ಈಗ ಸುರುವಾಗಿದೆ, ಯಾರ್ಡಿನ ತುಂಬ ಕಬ್ಬಿನ ಟ್ರ್ಯಾಕ್ಟರು. ಚೀಟಿ ಕೊಡುವ ಕಿಟಕಿಯಲ್ಲಿ ಕೂತು ಓದುತ್ತಿದ್ದೆ, ಒಬ್ಬನಿಗೆ ಇನ್ನೊಬ್ಬನ ನಂಬರು ಕೊಟ್ಟು ಬೈಸಿಕೊಂಡೆ. ಬೈಸಿಕೊಳ್ಳುವಾಗಲೂ ಮನಸ್ಸು ಹಗುರಾಗಿತ್ತು.

ನನಗೂ ಬೇಡ ಮಗಳೇ. ನಿನ್ನನ್ನು ಹೆಗಲ ಮೇಲೆ ಹೊತ್ತವನು ನಾನು. ಆ ಹೆಗಲಿಗೆ ಹಾರ ಹಾಕು ಅಂದರೆ ಅದು ಒಪ್ಪುವುದಿಲ್ಲ. ಇಷ್ಟು ವರ್ಷ ಅಕ್ಕ ಈ ಮಾತು ತೆಗೆದಾಗಲೆಲ್ಲ, ಹುಡುಗಿ ಓದಲಿ ತಡಿ, ಅನ್ನುತ್ತಾ ದೂಡಿದೆ. ಓದು ಮುಗಿಯುವುದರೊಳಗೆ ಯಾರೋ ಒಬ್ಬ ಒಳ್ಳೆಯ ಹುಡುಗ ಬಂದಾನು, ಅಕ್ಕ ಮರೆತಾಳು ಅಂದುಕೊಂಡಿದ್ದೆ. ಅಕ್ಕ ಏನನ್ನೂ ಮರೆಯುವವಳಲ್ಲ.

ಇನ್ನೊಂದು ಮಾತು. ಬೀಳಗಿಯಲ್ಲಿ ಅನುರಾಧಾ ಅಂತ ಒಬ್ಬರು ಸಾಲೆಯಲ್ಲಿ ಕಲಿಸುತ್ತಾರೆ. ಅವರ ತಂದೆ ನಮ್ಮ ಕಾರ್ಖಾನೆಗೆ ಕಬ್ಬು ತರುತ್ತಾರೆ, ಹಾಗೆ ಪರಿಚಯ. ಆರು ವರ್ಷದಿಂದ ನನಗಾಗಿ ನಿಂತಿದ್ದಾಳೆ. ಯಾರಿಗೂ ಹೇಳಿಲ್ಲ, ನಿನಗೇ ಮೊದಲು.

ಆದರೆ ಬೇಡ ಅನ್ನುವ ಮಾತು ನಿನ್ನ ಬಾಯಿಂದ ಬರಬೇಕು. ಸೋದರಮಾವನೇ ಒಲ್ಲೆ ಅಂದ ಹುಡುಗಿಯನ್ನು ನಮ್ಮ ಕಡೆ ಯಾರು ಕೇಳಲು ಬರುತ್ತಾರೆ? ಮನೆಯವನೇ ಬಿಟ್ಟ ಅಂದರೆ ಏನೋ ಐಬು ಇರಬೇಕು ಅನ್ನುತ್ತಾರೆ, ಆ ಮಾತು ನಿನ್ನ ಬೆನ್ನು ಬಿಡುವುದಿಲ್ಲ. ಹುಡುಗಿ ಒಲ್ಲೆ ಅಂದರೆ, ಓದಿ ಕೋಡು ಬಂದಾವ ಅಂತ ನಾಲ್ಕು ದಿನ ಅಂದು ಬಿಡುತ್ತಾರೆ.

ಅಕ್ಕನ ಅಂಜಿಕೆ ನನಗೆ ಗೊತ್ತು. ಹೊರಗಿನ ಹೆಣ್ಣು ಈ ಮನೆಗೆ ಬಂದರೆ ಒಲೆಯ ಮುಂದಿನ ತನ್ನ ತಾಟು ಪಡಸಾಲೆಗೆ ಬರುತ್ತದೆ ಅಂತ. ಅನುರಾಧಾ ಅಂಥವಳಲ್ಲ. ನಾನಿರುವ ತನಕ ಅಕ್ಕನ ತಾಟು ಒಲೆಯ ಮುಂದೆಯೇ ಇರುತ್ತದೆ, ಇದು ನನ್ನ ಆಣೆ.

ಡಿಸೆಂಬರ್ ನಾಲ್ಕು, ಐತವಾರ, ಅಕ್ಕ ಹಿರಿಯರನ್ನು ಕರೆದಿದ್ದಾಳೆ. ನೀನು ಬಂದು ಬೇಡ ಅನ್ನು. ಒಂದೇ ಶಬ್ದ ಸಾಕು. ಮಿಕ್ಕಿದ್ದು ನನಗೆ ಬಿಡು, ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಇಷ್ಟು ಬರೆದ ಮೇಲೂ ನೀನು ಅವತ್ತು ಸುಮ್ಮನೆ ಕೂತರೆ, ನಿನ್ನ ಮನಸ್ಸು ತಿರುಗಿದೆ ಅಂತ ತಿಳಿಯುತ್ತೇನೆ. ಹಿರಿಯರ ಮುಂದೆ ನಿನ್ನ ಮಾನ ಕಳೆಯುವುದು ನನ್ನಿಂದ ಆಗುವುದಿಲ್ಲ.

ಚಳಿ ಬಿದ್ದಿದೆ, ಸ್ವೆಟರ್ ಹಾಕಿಕೋ.

ಈಶ್ವರ ಮಾಮಾ


ಸಮೀರವಾಡಿ
12 ಡಿಸೆಂಬರ್ 2022

ಅನುರಾಧಾ,

ನೀನು ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹೇಡಿ ಅನ್ನು, ಅನ್ನಿಸಿಕೊಳ್ಳುತ್ತೇನೆ.

ವೈಶಾಲಿಗೆ ಎಲ್ಲಾ ಬಿಡಿಸಿ ಬರೆದಿದ್ದೆ, ನಿನ್ನ ಹೆಸರು ಕೂಡ. ಅವಳು ಬಂದು ಬೇಡ ಅಂದರೆ ಸಂಜೆಯೇ ಅಕ್ಕನನ್ನು ಕರೆದುಕೊಂಡು ಬೀಳಗಿಗೆ ಬರುವವನಿದ್ದೆ. ಹೊಸ ಅಂಗಿ ಕೂಡ ಇಸ್ತ್ರಿ ಮಾಡಿಸಿಟ್ಟಿದ್ದೆ.

ಐತವಾರ ಹಿರಿಯರು ಬಂದರು. ತಾಟಿನಲ್ಲಿ ಸಕ್ಕರೆ, ಎಲೆ ಅಡಿಕೆ. ವೈಶಾಲಿ ಹಸಿರು ಸೀರೆ ಉಟ್ಟು ಅಕ್ಕನ ಪಕ್ಕದಲ್ಲಿ ಕೂತಳು, ತಲೆ ತಗ್ಗಿಸಿದವಳು ಎತ್ತಲಿಲ್ಲ. ಬಸಗೊಂಡಪ್ಪ ಕಾಕಾ ನಮ್ಮ ಕಡೆ ರಿವಾಜಿನಂತೆ ಕೇಳಿದರು.

"ಯಾರ ಮನಸ್ಸಿನ್ಯಾಗರ ಏನರ ಇದ್ರ ಈಗ ಹೇಳ್ರಿ. ಸಕ್ಕರಿ ಬಾಯಾಗ ಬಿದ್ದಮ್ಯಾಲ ಮಾತಿಲ್ಲ."

ನಾನು ಅವಳ ಕಡೆ ನೋಡಿದೆ. ಅವಳು ಒಂದು ಸಲ ಕಣ್ಣೆತ್ತಿ ನನ್ನ ಕಡೆ ನೋಡಿದಳು. ಕಾಕಾ ಎರಡನೇ ಸಲ ಕೇಳಿದರು. ಅವಳು ಸುಮ್ಮನೆ ಇದ್ದಳು. ನಾನೂ ಇದ್ದೆ. ಅಕ್ಕ ಎದ್ದು ಇಬ್ಬರ ಬಾಯಿಗೂ ಸಕ್ಕರೆ ಹಾಕಿದಳು. ನನ್ನ ಮುಖ ನೋಡದೆಯೇ ಹಾಕಿದ್ದಕ್ಕೆ ಸಕ್ಕರೆ ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲಿತು.

ಹುಡುಗಿ ಎಲ್ಲಾ ತಿಳಿದೂ ಸುಮ್ಮನೆ ಕೂತಳು ಅಂದರೆ ಅವಳಿಗೆ ನಾನೇ ಬೇಕು ಅಂತಾಯಿತು. ತಂದೆ ಇಲ್ಲದ ಮಗು. ಅಷ್ಟು ಮಂದಿಯ ಮುಂದೆ ಅವಳನ್ನು ಒಲ್ಲೆ ಅನ್ನಲಾರದೆ ಹೋದೆ. ಫೆಬ್ರವರಿಯಲ್ಲಿ ಮದುವೆ.

ಆರು ವರ್ಷ ನಿನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದೆ. ಕ್ಷಮಿಸು ಅಂತ ಕೇಳುವ ಮುಖವಿಲ್ಲ.

ಈಶ್ವರ


ಬೀಳಗಿ
20 ಡಿಸೆಂಬರ್ 2022

ಈಶ್ವರ ಅವರಿಗೆ,

ಕಾಗದ ಬಂತು. ಸಾಲೆಯ ವಿಳಾಸಕ್ಕೆ ಬಂದದ್ದರಿಂದ ಹೆಡ್‌ಮಾಸ್ತರು ಕೈಯಲ್ಲಿ ತಂದು ಕೊಟ್ಟರು. ಅವರ ಮುಂದೆ ಅಳಬಾರದು ಅಂತ ಹಾಜರಿ ತೆಗೆದುಕೊಂಡೆ.

ಒಂದೇ ಪ್ರಶ್ನೆ. ನೀವು ಆ ಹುಡುಗಿಯನ್ನು ಬಾಯಿಬಿಟ್ಟು ಕೇಳಿದಿರಾ? ಒಂದೇ ಮನೆಯವರು, ಒಂದೇ ಸೂರು. ಹಿತ್ತಲಿಗೆ ಕರೆದು, ಏನವಾ ನಿನ್ನ ಮನಸ್ಸಿನಾಗ, ಅಂದಿದ್ದರೆ ನಾಲಿಗೆ ಸವೆಯುತ್ತಿತ್ತೇ? ಎರಡನೆತ್ತಾ ಮಕ್ಕಳಿಗೆ ನಾನು ದಿನಾ ಹೇಳುತ್ತೇನೆ, ತಿಳಿಯದಿದ್ದರೆ ಕೈ ಎತ್ತಿ ಕೇಳ್ರಿ ಅಂತ. ಅವು ಕೇಳುತ್ತವೆ. ನೀವು ಮೂವತ್ತಾರು ವರ್ಷದವರು, ಒಬ್ಬರ ಮುಖ ನೋಡಿ ಇನ್ನೊಬ್ಬರ ಹಣೆಬರಹ ಓದುತ್ತೀರಿ.

ನಿಮ್ಮನ್ನು ಬಯ್ಯಬೇಕು ಅಂತಲೇ ಕೂತೆ, ಬೈದಿದ್ದೇನೆ. ಈಗ ಸಾಕು. ಹುನ್ನೂರಿನಿಂದ ಒಂದು ಸಂಬಂಧ ಬಂದಿತ್ತು, ಅಪ್ಪ ಎರಡು ತಿಂಗಳಿಂದ ಕೇಳುತ್ತಿದ್ದರು. ನಿನ್ನೆ ಹೂಂ ಅಂದೆ, ಎಲ್ಲರಿಗೂ ಕೇಳುವ ಹಾಗೆ. ಇನ್ನು ಬರೆಯಬೇಡಿರಿ.

ಅನುರಾಧಾ


ಜಮಖಂಡಿ, ದವಾಖಾನೆ
9 ಆಗಸ್ಟ್ 2024

ಮಾಮಾ,

ಸಕ್ಕರೆ ಹಂಚಿದ ದಿನವೇ ಅವ್ವ, ಇನ್ಮ್ಯಾಲ ಅವಗ ನೀ ಅನಬ್ಯಾಡ, ನೀವು ಅನ್ನು, ಅಂದಿದ್ದಳು. ಒಂದೂವರೆ ವರ್ಷದಿಂದ ಅನ್ನುತ್ತಿದ್ದೇನೆ. ಕಾಗದದಲ್ಲೂ ಅದೇ ಬರುತ್ತಿದೆ, ಇರಲಿ.

ಮಗುವಿಗೆ ಇವತ್ತಿಗೆ ನಲವತ್ತೊಂದು ದಿನ. ಮಾಯವ್ವ ಅಂತ ಅಜ್ಜಿಯ ಹೆಸರು ಇಟ್ಟೆವು, ಹೆಸರಿನಷ್ಟೂ ತೂಕ ಇಲ್ಲ ನಮ್ಮ ಕೂಸಿಗೆ. ಹಾಲು ಕುಡಿದರೆ ಮೈ ನೀಲಿಯಾಗುತ್ತದೆ. ದೊಡ್ಡ ಡಾಕ್ಟರು ಕಡತ ಹಿಡಿದು ಕೇಳಿದರು, "ಸಂಬಂಧದಾಗ ಮದುವಿ ಆಗೀರೇನವಾ?" ಹೌದು ಅಂದೆ. ಎಷ್ಟು ಹತ್ತಿರ ಅಂದರು. ಸೋದರಮಾವ ಅಂದೆ. ಅವರು ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದರು. ಅದರಿಂದಲೇ ಹೀಗೆ ಅಂತ ಖಾತ್ರಿ ಹೇಳಲು ಬರುವುದಿಲ್ಲ, ಆದರೆ ಇರಬಹುದು, ಅಂದರು. ಎದೆಯ ಆಪರೇಷನ್ನಿಗೆ ಬೇರೆ ಊರಿಗೆ ಒಯ್ಯಬೇಕಂತೆ, ಒಯ್ಯುವಷ್ಟು ಶಕ್ತಿ ಮೊದಲು ಅದಕ್ಕೆ ಬರಬೇಕಂತೆ.

ಐತವಾರ ನೀವು ಬರುತ್ತೀರಿ, ಬಾಗಿಲಲ್ಲೇ ನಿಂತು ಮಗುವನ್ನು ನೋಡುತ್ತೀರಿ. ನನ್ನ ಮುಖ ನೋಡುವುದಿಲ್ಲ. ಮದುವೆಯಾದ ದಿನದಿಂದ ನೋಡಿಲ್ಲ. ಒಂದು ದಿನ ಬೈದವರಲ್ಲ, ಕೈ ಎತ್ತಿದವರಲ್ಲ, ಸಂತೆಯಿಂದ ನನಗೆ ಬೇಕಾದ್ದೆಲ್ಲ ತರುತ್ತೀರಿ. ಊರವರು ಪುಣ್ಯ ಮಾಡೀದಿ ಬಿಡವಾ ಅನ್ನುತ್ತಾರೆ. ಆ ಪುಣ್ಯದ ಭಾರಕ್ಕೆ ನನಗೆ ಉಸಿರು ಕಟ್ಟುತ್ತದೆ. ಬೇಕು ಅಂತಲೇ ಕಟ್ಟಿಕೊಂಡವರಿಗೆ ಇಷ್ಟು ಸಂಕಟ ಯಾಕೆ ಅಂತ ಎಷ್ಟೋ ಸಲ ಕೇಳಬೇಕೆನ್ನಿಸಿತು.

ಇವತ್ತು ಪಂಚಮಿ. ಪಕ್ಕದ ಮಂಚದವಳಿಗೆ ಅವಳ ಅಣ್ಣ ಉಂಡಿ ತಂದು ಕೊಟ್ಟ. ತವರು ಅಂತ ನೆನೆಯಲು ನನಗೆ ಬೇರೆ ಮನೆಯೇ ಇಲ್ಲವಲ್ಲ ಅಂತ ಅತ್ತೆ. ಅದಕ್ಕೇ ಧೈರ್ಯ ಮಾಡಿ ಕೇಳುತ್ತಿದ್ದೇನೆ. ಅವತ್ತು ನನ್ನ ಕಾಗದಕ್ಕೆ ಯಾಕೆ ಉತ್ತರ ಬರೆಯಲಿಲ್ಲ ನೀವು? ಛಟ್ಟಿ ಅಮಾವಾಸ್ಯೆಯ ತನಕ, ಅದಾದ ಮೇಲೆ ಬಂದ ಬುತ್ತಿಯಲ್ಲೂ ಅರಿವೆ ಝಾಡಿಸಿ ಝಾಡಿಸಿ ನೋಡಿದೆ. ಬೇಕು ಅಂತಾದರೂ ಬರೆಯಬಹುದಿತ್ತು.

ಇದನ್ನೂ ಖಾಲಿ ಡಬ್ಬಿಯಲ್ಲಿ ಇಡುತ್ತಿದ್ದೇನೆ.

ವೈಶಾಲಿ


ಸಮೀರವಾಡಿ
6 ಸಪ್ಟಂಬರ 2024

ವೈಶಾಲಿ ಮಗಳ,

ಈ ಅಕ್ಷರ ಯಾರವು ಅಂತ ನೋಡಾಕತ್ತಿರಬೇಕು. ನನ್ನವ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊ.

ನೀ ಮೂರನೆತ್ತಾ ಇದ್ದಾಗ ಹಿತ್ತಲ ಗ್ವಾಡಿಗಿ ಇದ್ದಲಿಲೆ ಅ ಆ ಬರದು, ನಾ ಸಾಲಿ ಬಾಯಾರು, ನೀ ಹುಡಿಗಿ, ಓದು ಅಂತ ನನ್ನ ಕೈಮ್ಯಾಲ ಕಡ್ಡೀಲೆ ಹೊಡೀತಿದ್ದಿ. ನೀ ಆಟ ಮರತಿ, ನಾ ಗ್ವಾಡಿ ಮರೀಲಿಲ್ಲ. ಭಾಂಡಿ ತಿಕ್ಕೋತ ದಿನಾ ಒಂದು ಅಕ್ಷರ ನೋಡತಿದ್ದೆ. ಯಾರಿಗೂ ಹೇಳಲಿಲ್ಲ. ಹೆಬ್ಬಟ್ಟು ಒತ್ತೂ ಹೆಂಗಸಿನ ಮುಂದ ಮಂದಿ ಎಲ್ಲಾ ಮಾತಾಡತಾರ, ಕಾಗದ ಬಿಚ್ಚಿ ಇಡತಾರ. ಗಂಡ ಇಲ್ಲದಾಕಿಗಿ ಅದೊಂದ ಕಿವಿ ಇತ್ತು ನೋಡು.

ನಿನ್ನ ಕಾಗದ, ಈಶ್ವರನ ಕಾಗದ, ಡಬ್ಬ್ಯಾಗಿನವು ಎಲ್ಲಾ ಓದೇನಿ. ಮೊದಲ ಮೊದಲ ನಿನಗ ಆರಾಮ ಐತಿಲ್ಲೋ ನೋಡಾಕ ಓದತಿದ್ದೆ. ಅವತ್ತ ನೀ ಬರದಿದ್ದು ಓದಿ ಮಾಡದಾಗ ಇಟ್ಟೆ. ಅಂವ ಹೂಂ ಅಂತ ಬರೀತಾನ ಅಂತಿದ್ದೆ. ಅಂವ ಬರದಿದ್ದು ಓದಿದೆ. ರೊಟ್ಟಿ ಇಟ್ಟೆ, ಅರಿವಿ ಕಟ್ಟಿದೆ, ಕಾಗದ ಕುಬಸದಾಗ ಇಟಗೊಂಡೆ.

ನಮ್ಮ ಯಲ್ಲಕ್ಕ ಚಿಗವ್ವನ್ನ ನೀ ನೋಡಿಲ್ಲ. ಗಂಡ ಸತ್ತು ತಮ್ಮನ ಮನೀಗಿ ಬಂದಾಕಿ. ತಮ್ಮನ ಹೇಣತಿ ಬಂದ ವರ್ಷಕ್ಕ ದನದ ಕೊಟಗ್ಯಾಗ ಹಾಸಿಗಿ ಬಿತ್ತು. ನಾ ಸಣ್ಣಾಕಿ ಇದ್ದಾಗ ಆಕಿಗಿ ತಂಗಳ ರೊಟ್ಟಿ ಒಯ್ದು ಕೊಡತಿದ್ದೆ. ಆಕಿ ಸತ್ತದ್ದ ಎರಡ ದಿನ ಯಾರಿಗೂ ಗೊತ್ತಾಗಲಿಲ್ಲ. ನನ್ನ ತಾಟ ಒಲಿ ಮುಂದ ಇರತೈತಿ ಅಂತ ಈಶ್ವರ ಆಣಿ ಹಾಕಿ ಬರದಿದ್ದ. ನಂಬಬೇಕಿತ್ತು. ನಂಬಲಿಲ್ಲ. ಇಬ್ಬರೂ ನನ್ನವರ, ಒಂದ ಮನ್ಯಾಗ ಇರತಾರ, ಹೊಂದಿಕೋತಾರ, ಎಲ್ಲಾರೂ ಹಂಗ ಹೊಂದಿಕೊಂಡಾರ ಅಂದಕೊಂಡೆ.

ಪಂಚಮಿ ದಿನ ನೀ ಬರದಿದ್ದೂ ಅವಗ ಕೊಟ್ಟಿಲ್ಲ. ಅದನ್ನ ಓದಿ ಎಂಟ ದಿನಕ್ಕ ಕೂಸು ಹೋತು. ಕುಣಿಯೊಳಗ ಇಡುವಾಗ ಈಶ್ವರ ಅದರ ಅಂಗಿ ಜಗ್ಗಿ ನೆಟ್ಟಗ ಮಾಡಿದ. ನೀ ಸಣ್ಣಾಕಿ ಇದ್ದಾಗ ಸಾಲಿಗಿ ಕಳಸುವಾಗ ಹಂಗ ಮಾಡತಿದ್ದ. ಆವಾಗ ನನಗ ತಿಳೀತು ನಾ ಏನ ಮಾಡೇನಿ ಅಂತ. ತಡ ಆಗಿ ತಿಳೀತು.

ಈಶ್ವರಂದು, ನಿನ್ನ ಪಂಚಮಿದು, ಎರಡೂ ಕಾಗದ ಇದರ ಸಂಗಾಟ ಇಟ್ಟೇನಿ. ಅವಗ ಇನ್ನೂ ಹೇಳಿಲ್ಲ. ಅವನ ಮುಂದ ಬಾಯಿ ಬರವಲ್ದು. ಕೂಸು ಹೋದಮ್ಯಾಲ ನೀ ಹಾಸ್ಟೆಲ್ಲಿನ ಮುತ್ತವ್ವಾರ ಮನೀಗಿ ಹೋದಿ, ಅಲ್ಲೆ ಎಷ್ಟ ದಿನ ಇರತಿ ಇರು. ಮನೀಗಿ ಬಾ ಅನ್ನಾಕ ನನಗ ಹಕ್ಕಿಲ್ಲ. ಆದರ ಬರತಿ ಅಂತ ದಾರಿ ನೋಡತೇನಿ.

ಜ್ವಾಳದ ರೊಟ್ಟಿ ಇಟ್ಟೇನಿ. ಉಣ್ಣು.

ಮಾದೇವಿ, ನಿಮ್ಮವ್ವ


ಜಮಖಂಡಿ
11 ಸೆಪ್ಟೆಂಬರ್ 2024

ಮಾಮಾ,

ಇದನ್ನು ನೀನು ಅಂತಲೇ ಬರೆಯುತ್ತೇನೆ.

ನಿನ್ನ ಕಾಗದ ಶನಿವಾರ ಮುಟ್ಟಿತು, 2022ರ ನವೆಂಬರಿನದು. ಮಡಿಕೆಗಳಲ್ಲಿ ಹರಿದಿದೆ, ಅವ್ವನ ಬೆವರಿಗೆ ಶಾಯಿ ಕದಡಿದೆ. ಆದರೂ ಎಲ್ಲಾ ಅಕ್ಷರ ಓದಲು ಬಂದವು. ರೊಟ್ಟಿ ಉಣ್ಣಲಿಲ್ಲ. ಮುತ್ತವ್ವ ಕೇಳಿದರು, ಹೊಟ್ಟೆ ಸರಿಯಿಲ್ಲ ಅಂದೆ.

ಅವ್ವ ನಿನಗೆ ಏನೂ ಹೇಳಿಲ್ಲವಂತೆ, ಅದಕ್ಕೆ ನಾನೇ ಹೇಳಬೇಕು. ನಿನ್ನ ಉತ್ತರ ನನಗೆ ಬರಲೇ ಇಲ್ಲ ಮಾಮಾ. ಅವ್ವ ಓದಬಲ್ಲಳು, ಓದಿ ಇಟ್ಟುಕೊಂಡಳು. ಬೇಡ ಅಂತ ನೀನೇ ಅನ್ನಲಿ ಅಂತ ನಾನು ತಲೆ ತಗ್ಗಿಸಿ ಕೂತಿದ್ದೆ. ಒಂದು ಸಲ ನಿನ್ನ ಕಡೆ ನೋಡಿದೆ, ಈಗಾದರೂ ಅನ್ನುತ್ತೀಯೇನೋ ಅಂತ. ನೀನು ನೋಡುತ್ತಾ ಕೂತಿದ್ದೆ. ಆಮೇಲೆ ಬಾಯಿಗೆ ಸಕ್ಕರೆ ಬಿತ್ತು.

ಅವ್ವನ ಮೇಲೆ ಸಿಟ್ಟು ಬಂದಿದೆ. ಮೂರು ದಿನ ಅವಳ ಹೆಸರು ನೆನೆದರೆ ಹಲ್ಲು ಕಡಿಯುತ್ತಿದ್ದೆ. ನಾಲ್ಕನೇ ದಿನ, ಹಿತ್ತಲ ಗೋಡೆಯ ಮುಂದೆ ಭಾಂಡಿ ತಿಕ್ಕುತ್ತಾ ಒಬ್ಬಳೇ ಅ ಆ ಓದುತ್ತಿದ್ದವಳು ಕಣ್ಣ ಮುಂದೆ ಬಂದು ನಿಂತಳು. ಅಳು ಬಂತು. ಆದರೆ ಸಿಟ್ಟು ಹೋಗಲಿಲ್ಲ. ಎರಡೂ ಇರುತ್ತವೆ ಅಂತ ಕಾಣುತ್ತದೆ.

ಮೇಡಂ ಕೇಳಿದ ಹತ್ತು ಪುಟ ನಾನು ಬರೆಯಲೇ ಇಲ್ಲ, ಮದುವೆಗೆ ಅಂತ ಬಂದವಳು ಕಾಲೇಜಿಗೆ ತಿರುಗಿ ಹೋಗಲಿಲ್ಲ. ತಪ್ಪು ಯಾರದು ಅಂತ ಈಗ ಕೇಳಿದರೆ ಒಂದು ಪುಟವೂ ಬೇಡ. ಕಾಗದ ಇಟ್ಟುಕೊಂಡದ್ದು ಅವ್ವ. ಅವಳಿಗೆ ಅಷ್ಟು ಜಾಗ ಬಿಟ್ಟವರು ನಾವಿಬ್ಬರು. ಹಿತ್ತಲಿಗೆ ಬಾ ಅಂತ ಒಂದು ಮಾತು ನಾನೂ ಅನ್ನಲಿಲ್ಲ, ನೀನೂ ಅನ್ನಲಿಲ್ಲ. ನಮ್ಮ ಮಾಯವ್ವ ನಲವತ್ತೊಂಬತ್ತು ದಿನ ನಮ್ಮ ನಡುವೆ ಮಲಗಿ ಹೋದಳು.

ಬನಹಟ್ಟಿಯ ಒಂದು ಸಣ್ಣ ಸಾಲೆಯಲ್ಲಿ ಇಂಗ್ಲಿಷ್ ಕಲಿಸಲು ಕರೆದಿದ್ದಾರೆ. ಮಗ್ಗದ ಓಣಿಯಲ್ಲಿ ಖೋಲಿ ನೋಡಿ ಬಂದೆ. ಮಗ್ಗದ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ, ಏನಿದ್ದರೂ ಜೋರಾಗಿಯೇ ಹೇಳಬೇಕು. ಅದು ನನಗೆ ಒಳ್ಳೆಯದು. ಟ್ರಂಕು ಮನೆಯಲ್ಲಿದೆ, ಯಾವಾಗಲಾದರೂ ಕಾಮಣ್ಣನ ಬಸ್ಸಿಗೆ ಹಾಕು.

ನಿನ್ನ ಕಾಗದದಲ್ಲಿ ಒಂದು ಮಾತು ಇದೆ. ಬೇಡ ಅನ್ನು, ಒಂದೇ ಶಬ್ದ ಸಾಕು, ಪಕ್ಕದಲ್ಲಿ ನಿಲ್ಲುತ್ತೇನೆ ಅಂತ. ಅದಕ್ಕೆ ಇದು ನನ್ನ ಉತ್ತರ.

ಬೇಡ ಮಾಮಾ. ನನಗೆ ಈ ಮದುವೆ ಬೇಡ.

ಬಸಗೊಂಡಪ್ಪ ಕಾಕಾನ ಮುಂದೆ, ಊರ ಮುಂದೆ, ಬೇಕಿದ್ದರೆ ಕೋರ್ಟಿನಲ್ಲಿ, ಬಂದು ನನ್ನ ಪಕ್ಕದಲ್ಲಿ ನಿಲ್ಲು. ಗಂಡ ಅಂತ ಅಲ್ಲ. ಮುಧೋಳದ ದಾರಿಯಲ್ಲಿ ನನ್ನನ್ನು ಹೊತ್ತವನು ಅಂತ ನಿಲ್ಲು. ಬೀಳಗಿಯಲ್ಲಿ ವಿಚಾರಿಸಿದೆ, ಅನುರಾಧಾ ಟೀಚರ್ ಈಗ ಹುನ್ನೂರಿನಲ್ಲಿ ಸಂಸಾರ ಮಾಡುತ್ತಿದ್ದಾರಂತೆ. ಅವರನ್ನು ನಿನಗೆ ತಿರುಗಿ ತಂದುಕೊಡಲು ನನ್ನಿಂದ ಆಗುವುದಿಲ್ಲ. ನನ್ನನ್ನಾದರೂ ನನಗೆ ಕೊಡು.

ಖಾಲಿ ಡಬ್ಬಿ ಇವತ್ತಿನ ಬಸ್ಸಿಗೆ ಕೊಡುತ್ತೇನೆ. ಅಂಚೆಗೆ ಹಾಕಬಹುದಿತ್ತು, ಬೇಕೆಂದೇ ಹಾಕಲಿಲ್ಲ. ಡಬ್ಬಿ ಬಿಚ್ಚುವವಳು ಯಾರು ಅಂತ ನನಗೆ ಗೊತ್ತಿದೆ.

ಅವ್ವಾ, ಓದಿ ಆತಲ್ಲ? ಇನ್ನ ಮಡಚಿ ಅವನ ಕೈಯಾಗ ಕೊಡು. ಈ ಸಲ ಕೊಡು.

ವೈಶಾಲಿ